ಗಾಡಿಯ ಮೂಗಿಗೆ ತುರುಕಿದ ಸೀರೆ

ಸೀರೆ ನೀಲಿಯದು ಎಂದು ನನ್ನ ನೆನಪು. ಹಸಿರೂ ಇದ್ದಿರಬಹುದು. ಮೊದಲೇ ಹೇಳಿಬಿಡುತ್ತೇನೆ, ಈ ವಾರ ಬರೆಯುತ್ತಿರುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಹನ್ನೆರಡು ವರ್ಷದ ಹಿಂದಿನ ಮಾತು. ಹಳೆಯ ಡೈರಿ ತೆಗೆದು ನೋಡಿದೆ. 'ರೈಲು ಸಿಕ್ಕಿತು. ಪೇಪರ್ ಪರವಾಗಿಲ್ಲ' ಎಂದಷ್ಟೇ ಇದೆ. (ದಿನಾ ಡೈರಿ ಬರೆಯುವವಳೆಂಬ ಜಂಬ ಬೇರೆ!)

ರೈಲು ಸಿಕ್ಕಿದ್ದು ಹೇಗೆ? ಅದನ್ನೇ ಬರೆದಿಲ್ಲ.

ನನ್ನ ಸೋದರಮಾವ ನಂದಿದುರ್ಗದ ಚಿನ್ನದ ಗಣಿಯಲ್ಲಿ ಪಂಪು ರಿಪೇರಿಯ ಫಿಟ್ಟರ್ ಆಗಿದ್ದರು. ಗಣಿಯವರು ಕೊಟ್ಟ ಲೈನ್ ಮನೆ, ಒಂದೇ ಕೋಣೆ. ಅತ್ತೆಯನ್ನು ತಿರುಪತಿಗೆ ಕರೆದೊಯ್ಯಬೇಕು, ದಾರಿಯಲ್ಲಿ ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ ಎಂಬ ಹುಚ್ಚು ಹತ್ತಿ, ಹರಾಜಿನಲ್ಲಿ ಬಂದ ಹಳೆಯ ಮಿಲಿಟರಿ ಆಂಬುಲೆನ್ಸ್ ಒಂದನ್ನು ತಂದರು. ಒಳಗೆ ಮಂಚ, ಕಪಾಟು, ಸೀಮೆಎಣ್ಣೆ ಸ್ಟೌವ್. ತಮಿಳು ಮಾತಾಡುವ ನೆರೆಯವರು ಅದಕ್ಕೆ 'ವಂಡಿವೀಡು' ಎಂದು ಹೆಸರಿಟ್ಟರು. ಗಾಡಿಮನೆ.

ಗಾಡಿಮನೆ ತಿರುಪತಿಗೆ ಹೋಗಿದ್ದು ಒಂದೇ ಸಲ. ಉಳಿದ ಕಾಲವೆಲ್ಲ ಮನೆಯ ಮುಂದೆ ನಿಂತಿರುತ್ತಿತ್ತು. ಬಿ.ಎ. ಕೊನೆಯ ಪರೀಕ್ಷೆಗೆ ಓದಲು ನಾನು ನಮ್ಮೂರು ಕ್ಯಾಸಂಬಳ್ಳಿಯಿಂದ ಬಂದಾಗ ಮಾವ ಅದರೊಳಕ್ಕೆ ಒಂದು ಬಲ್ಬು ಎಳೆದುಕೊಟ್ಟರು. ಎರಡು ತಿಂಗಳು ಅದು ನನ್ನ ಸ್ಟಡಿ ರೂಮು. ಫೇಲಾದರೆ ಓದು ಅಲ್ಲಿಗೆ ಸಾಕು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ತೊಂದರೆ ಒಂದೇ, ಧೂಳು. ಗಾಳಿ ಬೀಸಿದರೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಹುಡಿ ಊರೆಲ್ಲ ಹಾರುತ್ತದೆ. ಸಂದು ಕಂಡಲ್ಲಿ ಹಳೇ ಬಟ್ಟೆ ತುರುಕುವುದು ಅಲ್ಲಿಯ ಮನೆಮನೆಯ ಅಭ್ಯಾಸ. ಕಿಟಕಿಗೆ, ಬಾಗಿಲಡಿಗೆ, ಹೆಂಚಿನ ಸಂದಿಗೆ. ಗಾಡಿಮನೆಯೂ ಮನೆ ತಾನೆ?

ಪರೀಕ್ಷೆಯ ದಿನ ಬೆಳಿಗ್ಗೆ ಸ್ಟೇಷನ್ನಿಗೆ ಹೋದವಳು ಹಾಲ್ ಟಿಕೆಟ್ ಮರೆತಿದ್ದೆ. (ಇದು ನನ್ನದೇ ತಪ್ಪು. ಇದರಲ್ಲಿ ಅನುಮಾನವಿಲ್ಲ.) ವಾಪಸ್ ಓಡಿಬಂದೆ. ಅಷ್ಟರಲ್ಲಿ ಬಂಗಾರಪೇಟೆಯ ರೈಲು ಹೊರಟುಹೋಗಿತ್ತು. ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಬಿಡಲು ಇನ್ನೂ ಒಂದೂಕಾಲು ಗಂಟೆ ಇತ್ತು. ಮಧ್ಯಾಹ್ನ ಎರಡಕ್ಕೆ ಪರೀಕ್ಷೆ.

ಮಾವ ಗಾಡಿಮನೆಗೆ ಹ್ಯಾಂಡಲ್ ಹಾಕಿ ಚಾಲೂ ಮಾಡಿದರು. ಅತ್ತೆಯೂ ಹತ್ತಿದರು.

ಹತ್ತು ಮೈಲಿಯ ದಾರಿ. ಅರ್ಧ ದೂರ ಹೋಗಿರಬೇಕು, ಟೆಂಪರೇಚರ್ ಮೀಟರಿನ ಮುಳ್ಳು ಏರತೊಡಗಿತು. ನೂರ ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿದ್ದರೆ ಇಂಜಿನ್ ಸುಖವಾಗಿರುತ್ತದೆ, ಇನ್ನೂರ ಹನ್ನೆರಡಕ್ಕೆ ನೀರೇ ಕುದಿಯುತ್ತದೆ ಎಂದು ಮಾವ ಹಿಂದೊಮ್ಮೆ ಹೇಳಿದ್ದರು. ಮುಳ್ಳು ಇನ್ನೂರು ದಾಟಿತು. ಬಾನೆಟ್ಟಿನಿಂದ ಹೊಗೆಯಂಥ ಹಬೆ. ಮಾವ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿಬಿಟ್ಟರು.

ನಾನು ಗಾಡಿಯಲ್ಲಿದ್ದ ನೀರಿನ ಬಿಂದಿಗೆ ಎತ್ತಿಕೊಂಡು ಬಾನೆಟ್ಟಿನ ಕಡೆ ಓಡಿದೆ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇರಮ್ಮಣ್ಣಿ. ಕಾದ ಇಂಜಿನ್ಗೆ ತಣ್ಣೀರು ಬಿದ್ರೆ ಬಿರುಕು ಬಿಡ್ತೈತೆ. ಆಮ್ಯಾಕೆ ನಿನ್ ರೈಲೂ ಇಲ್ಲ, ನನ್ ಗಾಡೀನೂ ಇಲ್ಲ. ಅದರ ಜ್ವರ ಇಳೀಲಿ."

ಜ್ವರ ಇಳಿಯುವವರೆಗೆ ರೈಲು ಕಾಯುತ್ತದೆಯೇ? ನಾನು ಅಳತೊಡಗಿದೆ. ಮಾವ ಬಗ್ಗಿ ಮುಂದಿನ ಜಾಲರಿಯೊಳಕ್ಕೆ ಕೈಹಾಕಿ ಏನನ್ನೋ ಎಳೆದರು. ಒಂದು ಹಳೇ ಸೀರೆ ಬಂತು, ಎಳೆದಷ್ಟೂ ಬಂತು. ರೇಡಿಯೇಟರಿಗೆ ಗಾಳಿಯೇ ಸಿಕ್ಕಿರಲಿಲ್ಲ.

"ಯಾರೇ ಇದನ್ನ ತುರುಕಿದ್ದು?" ಎಂದರು. ದನಿ ಏರಿತ್ತು.

"ನಾನೇ," ಎಂದರು ಅತ್ತೆ. "ಮಗೀನ ಪುಸ್ತಕದ ಮ್ಯಾಲೆ ಧೂಳು ಬೀಳ್ತಿತ್ತು."

"ಗಾಡಿಗೂ ಮೂಗೈತೆ ಕಣೇ. ಮೂಗಿಗೆ ಬಟ್ಟೆ ತುರುಕಿ ಓಡು ಅಂದ್ರೆ ಎಂಗೆ ಓಡ್ತೈತೆ?"

"ದಿನಾ ಗಣಿ ಒಳಗೆ ಇಳ್ದು ನೀನು ಎಂಗೆ ಉಸಿರಾಡ್ತೀಯೋ, ಅಂಗೆ."

ಅಷ್ಟು ಹೇಳಿ ಅತ್ತೆ ಗಾಡಿಯೊಳಗೆ ಹೋಗಿ ಸ್ಟೌವ್ ಹೊತ್ತಿಸಿದರು. ಇಂಜಿನ್ ತಣ್ಣಗಾಗುವುದನ್ನು ನಾವು ಹೊರಗೆ ಕಾಯುತ್ತಿದ್ದರೆ, ಅವರು ಒಳಗೆ ನೀರು ಬೆಚ್ಚಗೆ ಮಾಡುತ್ತಿದ್ದರು! ಮಾವ ಗೋಣಿಚೀಲ ಹಿಡಿದು ರೇಡಿಯೇಟರಿನ ಮುಚ್ಚಳ ಮೆಲ್ಲಗೆ ತಿರುಗಿಸಿ, ಹಬೆ ಪೂರ್ತಿ ಹೋಗಲು ಬಿಟ್ಟು, ಇಂಜಿನ್ ಚಾಲೂ ಮಾಡಿ ಆ ನೀರನ್ನು ಒಂದೊಂದೇ ಚೊಂಬು ಹುಯ್ದರು. ಬಂಗಾರಪೇಟೆಯಲ್ಲಿ ನಾನು ಹತ್ತಿದಾಗ ಗಾರ್ಡು ಹಸಿರು ಬಾವುಟ ಎತ್ತಿಯಾಗಿತ್ತು.

ಪಾಸಾದೆ. ಕೆಲಸ ಸಿಕ್ಕಿತು. ಈ ಅಂಕಣ ಬರೆಯುತ್ತಿದ್ದೇನೆ. ಎಲ್ಲದರ ಹಿಂದೆ ಒಂದು ಬಿಂದಿಗೆ ಬೆಚ್ಚನೆ ನೀರಿದೆ.

ಹೋದ ಭಾನುವಾರ ಆಂಡರ್ಸನ್‌ಪೇಟೆಗೆ ಹೋಗಿದ್ದೆ. ಮಾವ ರಿಟೈರಾಗಿ ಈಗ ಅಲ್ಲೇ ಇದ್ದಾರೆ. ಪಕ್ಕದ ಮನೆಯವರ ಮುಂದೆ ಮತ್ತೆ ಅದೇ ಕಥೆ ತೆಗೆದರು, "ನಮ್ಮವಳು ಗಾಡಿ ಮೂಗು ಮುಚ್ಚಿದ್ದು." ಹನ್ನೆರಡು ವರ್ಷದಿಂದ ಮದುವೆ, ನಾಮಕರಣ ಎಲ್ಲ ಕಡೆ ಹೇಳಿ ನಗಿಸುತ್ತಿದ್ದಾರೆ. ಅತ್ತೆಯೂ ಜೊತೆಗೆ ನಗುತ್ತಾರೆ. ನಾನೂ ನಗುತ್ತಿದ್ದೆ.

ಈ ಸಲ ಮಾತ್ರ ನಗು ಅರ್ಧಕ್ಕೇ ನಿಂತಿತು. ಕಣ್ಣ ಮುಂದೆ ಒಂದು ಕೈ ಬಂತು. ಮರದ ಸ್ಕೇಲಿನಿಂದ ಆ ಸೀರೆಯನ್ನು ಜಾಲರಿಯೊಳಕ್ಕೆ ಒತ್ತುತ್ತಿರುವ ಕೈ. ಬೆರಳ ತುದಿಯಲ್ಲಿ ಇಂಕಿನ ಕಲೆ. ಆ ಮನೆಯಲ್ಲಿ ಇಂಕು ಮುಟ್ಟುತ್ತಿದ್ದವಳು ನಾನೊಬ್ಬಳೇ. ಅತ್ತೆಗೆ ಅಕ್ಷರ ಬರುವುದಿಲ್ಲ.

ಇದು ನೆನಪೋ, ಹನ್ನೆರಡು ವರ್ಷ ಕಥೆ ಕೇಳಿ ಕೇಳಿ ನಾನೇ ಕಟ್ಟಿಕೊಂಡ ಚಿತ್ರವೋ? ಪ್ರಮಾಣ ಮಾಡಿ ಹೇಳಲಾರೆ. ಆದರೆ ಅಳುತ್ತ ನಿಂತಿದ್ದ ಹುಡುಗಿಯೊಬ್ಬಳು ಮಾವನ ಬೈಗುಳವನ್ನೂ ಹೊತ್ತುಕೊಂಡು ಪರೀಕ್ಷೆಗೆ ಹೋಗದಿರಲಿ ಎಂದು ಯಾರಾದರೂ 'ನಾನೇ' ಎಂದು ಹೇಳಿದ್ದರೆ, ಅದು ನನ್ನ ಅತ್ತೆಯೇ.

ಮಾವ ಎದ್ದು ಹೊರಗೆ ಹೋದಮೇಲೆ ಅಡುಗೆಮನೆಗೆ ಹೋಗಿ ಕೇಳಿದೆ. ಅವರು ಕಾಫಿ ಲೋಟ ಕೈಗಿಟ್ಟು, "ಕುಡಿ, ಆರೋಗ್ತೈತೆ," ಎಂದರು. ಕುಡಿದೆ. ಬಸ್ಸಿಗೆ ಹತ್ತಿಸಲು ಬಂದಾಗ ಮತ್ತೆ ಕೇಳಿದೆ. ಬಸ್ಸು ಹೊರಟಿತು. ಇಲ್ಲಿ ಮೂರನೆಯ ಸಲ ಕೇಳುತ್ತಿದ್ದೇನೆ.

"ಅತ್ತೆ, ಆ ಸೀರೆ ತುರುಕಿದ್ದು ನೀವಾ, ನಾನಾ?"