ಖಾಲಾ ಕಾಯುತ್ತಿದ್ದ ಕೊನೆಯ ಅಧ್ಯಾಯ

ಹೋದ ವಾರ ಮಂಡ್ಯ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಆ ಪತ್ತೇದಾರಿ ಮಾಲಿಕೆಯ ಹೊಸ ಪುಸ್ತಕ ಕಣ್ಣಿಗೆ ಬಿತ್ತು. ಅದೇ ಹಳದಿ ಅಕ್ಷರ, ಅದೇ ಕಪ್ಪು ಕೋಟಿನ ಪತ್ತೇದಾರ, ಅವನ ಹಿಂದೆ ಅದೇ ಜೀಪು. ಇದು ಇನ್ನೂ ಬರುತ್ತಿದೆಯೇ ಎಂದು ಕೈಗೆತ್ತಿಕೊಂಡು ಹಾಳೆ ತಿರುವಿದೆ. ಅಗ್ಗದ ಕಾಗದದ ವಾಸನೆ, ಅದರೊಳಗೆ ಇನ್ನೂ ಆರದ ಅಂಟಿನ ವಾಸನೆ... ಮದ್ದೂರಿನ ನಮ್ಮ ಬೀದಿ, ಪಕ್ಕದ ಮನೆಯ ಜಗಲಿ, ಅಲ್ಲಿ ಕಾಲು ನೀಡಿಕೊಂಡು ಕೂತ ಖಾಲಾ ಎಲ್ಲ ಒಟ್ಟಿಗೇ ಬಂದುಬಿಟ್ಟವು. ಹಿಂದೆಯೇ ಸಿಟ್ಟೂ ಬಂತು.

ಖಾಲಾ ನಮಗೆ ನೆಂಟರೇನಲ್ಲ. ಅವರ ಅಕ್ಕನ ಮಕ್ಕಳು ಚಿಕ್ಕಮ್ಮ ಎನ್ನಲು ಹಾಗೆ ಕರೆಯುತ್ತಿದ್ದರು, ಕೇಳಿ ಕೇಳಿ ನಾವೂ ಕಲಿತೆವು. ಅವರ ಗಂಡ, ಅಂದರೆ ನಮ್ಮ ಖಾಲೂ, ಮನೆಯ ಮುಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಗೇಟು, ಕಿಟಕಿಯ ಕಂಬಿ, ಕಬ್ಬು ಸಾಗಿಸುವ ಟ್ರೇಲರುಗಳ ರಿಪೇರಿ. ಹಗಲೆಲ್ಲ ಕಿವಿ ಕಿತ್ತುಹೋಗುವ ಸದ್ದು. ಆ ಸದ್ದಿನ ನಡುವೆಯೇ ಖಾಲಾ ಮಧ್ಯಾಹ್ನದ ಅಡುಗೆ ಮುಗಿಸಿ, ಕನ್ನಡಕ ಏರಿಸಿ, ಆ ಮಾಲಿಕೆಯ ಪುಸ್ತಕ ಹಿಡಿದು ಕೂರುತ್ತಿದ್ದರು. ಆಮೇಲೆ ಯಾರು ಕೂಗಿದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ನಾನಾಗ ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದೆ. ತಿಂಗಳಿಗೊಂದು ಪುಸ್ತಕ ಬರುತ್ತಿತ್ತು. ಬಂದ ದಿನವೇ ಕೊಂಡು ತಂದುಕೊಡುವುದು ನನ್ನ ಕೆಲಸ. ಬಸ್ಸಿನಲ್ಲಿ ಮದ್ದೂರು ಬರುವಷ್ಟರಲ್ಲಿ ನಾನೇ ಅರ್ಧ ಓದಿರುತ್ತಿದ್ದೆ. ಓದಲು ಏನಿತ್ತು ಅದರಲ್ಲಿ? ಮೊದಲ ಪುಟದಲ್ಲೊಂದು ಹೆಣ. ನಡುವೆಯೆಲ್ಲೋ ಜೀಪಿನ ಬ್ರೇಕು ಕೈಕೊಡುತ್ತದೆ, ಪತ್ತೇದಾರ ಹೊರಕ್ಕೆ ಹಾರಿ ಬದುಕುತ್ತಾನೆ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಹಜಾರದಲ್ಲಿ ಕೂರಿಸಿ, ಒಬ್ಬೊಬ್ಬರ ಮುಂದೆಯೂ ನಿಂತು, ಕಡೆಗೆ ಒಬ್ಬನತ್ತ ಬೆರಳು ತೋರಿಸುತ್ತಾನೆ. ಊರು ಬದಲಾಗುತ್ತಿತ್ತು, ಹೆಣದ ಹೆಸರು ಬದಲಾಗುತ್ತಿತ್ತು, ಅಷ್ಟೇ.

"ಖಾಲಾ, ಇದೂ ಹೋದ ತಿಂಗಳಿನದೂ ಒಂದೇ ಅಲ್ವಾ?" ಎಂದು ಒಮ್ಮೆ ರೇಗಿಸಿದೆ.

"ಒಂದೇ ಇರ್ಲಿ ಬುಡು. ನೆನ್ನೆ ಮುದ್ದೆನೂ ಇವತ್ತಿನ ಮುದ್ದೆನೂ ಒಂದೇ ಅಂತ ನೀನು ತಟ್ಟೆ ತಳ್ಬುಟ್ಟು ಎದ್ದೋಯ್ತೀಯಾ?"

ಅವರ ಮಗನಿಗೆ ಇದೆಲ್ಲ ದೊಡ್ಡ ತಮಾಷೆ. ಅವನು ಶಿವನಸಮುದ್ರದ ಕರೆಂಟು ಉತ್ಪಾದನಾ ಕೇಂದ್ರದಲ್ಲಿ ಗುತ್ತಿಗೆದಾರರ ಹತ್ತಿರ ವೈರಿಂಗ್ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಬೈಕಿನಲ್ಲಿ ಮಳವಳ್ಳಿ ಮೇಲೆ ಮನೆಗೆ ಬರುತ್ತಿದ್ದ. ಬಂದವನೇ ಅಮ್ಮನ ಪುಸ್ತಕ ಕಸಿದು, ಕೊನೆಯ ಪುಟ ಓದಿ, "ಅಮ್ಮೀ, ಮ್ಯಾನೇಜರ್ರೇ ಕೊಲೆ ಮಾಡಿರೋದು" ಎಂದು ಕೂಗಿಬಿಡುವನು. ಖಾಲಾ ಅದೇ ಪುಸ್ತಕದಿಂದ ಅವನ ಬೆನ್ನಿಗೆ ಬಾರಿಸುವರು. ಶೆಡ್ಡಿನಲ್ಲಿ ಖಾಲೂ ಮುಖಕ್ಕೆ ಹಿಡಿದ ಗಾಜು ಇಳಿಸಿ ನಗುವರು...

ಒಂದು ಸಂಜೆ ಅವನು ಬರಲಿಲ್ಲ. ಮಳವಳ್ಳಿ ದಾಟಿ ಬರುತ್ತಿದ್ದಾಗ ಹಿಂದಿನಿಂದ ಬಂದ ಕಾರೊಂದು ಗುದ್ದಿ, ನಿಲ್ಲಿಸದೆ ಹೊರಟುಹೋಗಿತ್ತು. ರಸ್ತೆಬದಿಯ ಟೀ ಅಂಗಡಿಯವನು ನೋಡಿದ್ದನಂತೆ. ಬಿಳಿ ಕಾರು, ಎಡಗಡೆಯ ದೀಪ ಒಡೆದಿತ್ತು. ನಂಬರು ಕಾಣಲಿಲ್ಲ. ಆಸ್ಪತ್ರೆ ಸೇರುವ ಮೊದಲೇ ಅವನ ಜೀವ ಹೋಗಿತ್ತು.

ಖಾಲೂ ಠಾಣೆಗೆ ಅಲೆದರು. "ಬಿಳಿ ಕಾರು ಎಷ್ಟಿವೆ ಗೊತ್ತೇನಪ್ಪಾ ಈ ಜಿಲ್ಲೇಲಿ?" ಎಂದು ಅವರನ್ನೇ ಕೇಳಿ ಕಳಿಸಿದರು. ಮತ್ತೆ ಹೋದರೆ ಸಾಹೇಬರು ಇಲ್ಲ, ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ. ಖಾಲೂ ಸೋತು ಶೆಡ್ಡಿನ ಬಾಗಿಲು ಎಳೆದು ಒಳಗೆ ಕೂತುಬಿಟ್ಟರು.

ಖಾಲಾ ಕೂರಲಿಲ್ಲ. ಒಂದು ಬೆಳಿಗ್ಗೆ ಬುರ್ಖಾ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು.

"ದೀಪ ಒಡೆದ ಗಾಡಿ ಒಡೆದಂಗೇ ಇದ್ದಾತಾ? ಎಲ್ಲಾದ್ರೂ ರಿಪೇರಿಗೆ ಬಿಟ್ಟೇ ಇರ್ತಾರೆ. ಬತ್ತೀಯಾ ಮಗಾ ನನ್ ಜೊತೆ?"

ಈ ಯೋಚನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಆ ಮಾಲಿಕೆಯ ಪತ್ತೇದಾರ ಇಂಥ ಕೆಲಸವನ್ನು ಎಷ್ಟೋ ಸಲ ಮಾಡಿದ್ದ. ನಾವು ಮದ್ದೂರಿನ ಗ್ಯಾರೇಜುಗಳನ್ನು ಕೇಳಿದೆವು, ಮಂಡ್ಯದಲ್ಲಿ ಕೇಳಿದೆವು. ಮಳವಳ್ಳಿಯಲ್ಲಿ ಟಿಂಕರಿಂಗ್ ಮಾಡುವವನೊಬ್ಬ, ಖಾಲೂಗೆ ಪರಿಚಯದವನು, ನಮ್ಮನ್ನು ಕೂರಿಸಿ ಟೀ ತರಿಸಿದ.

"ಬಂದಿತ್ತು ಕಣಮ್ಮ ಒಂದು ಬಿಳಿ ಕಾರು," ಎಂದ. "ಎಡಗಡೆ ದೀಪ ಚೂರುಚೂರು, ಬಾನೆಟ್ಟೂ ಒಳಿಕ್ಕೆ ಓಗಿತ್ತು. ನಾಯಿ ಅಡ್ಡ ಬಂತು ಅಂದ್ರು."

ಖಾಲಾ ಟೀ ಲೋಟ ಕೆಳಗಿಟ್ಟರು. ಯಾರದೆಂದು ಕೇಳಿದರು. ಅವನು ಅತ್ತಿತ್ತ ನೋಡಿ, ದೊಡ್ಡೋರ ಮನೇದು, ಪೊಲೀಸ್ನೋರು ಬಂದು ಕೇಳಿದರೆ ಹೇಳುತ್ತೇನೆ ಎಂದ. ಅಲ್ಲಿಂದ ನೇರ ಠಾಣೆಗೆ ಹೋದೆವು. ಅಲ್ಲಿದ್ದವನು ಎಲ್ಲ ಕೇಳಿಸಿಕೊಂಡು, ಪಕ್ಕದವನ ಕಡೆ ಕಣ್ಣು ಮಿಟುಕಿಸಿದ.

"ಏನಮ್ಮಾ, ಪತ್ತೇದಾರಿ ಕಾದಂಬರಿ ಜಾಸ್ತಿ ಓದ್ತೀರಾ ಹೆಂಗೆ?"

"ಊಂ ಸಾರ್, ಓದ್ತೀನಿ," ಎಂದರು ಖಾಲಾ. "ಅದ್ರಲ್ಲಿ ಪೊಲೀಸ್ನೋರು ಕುರ್ಚಿ ಬುಟ್ಟು ಏಳ್ತಾರೆ."

ಅವನ ಮುಖ ಕಪ್ಪಿಟ್ಟಿತು. ವಿಚಾರಿಸುತ್ತೇವೆ, ಹೋಗಿ ಎಂದ. ಕೆಲವು ದಿನ ಬಿಟ್ಟು ನಾವು ಮತ್ತೆ ಮಳವಳ್ಳಿಗೆ ಹೋದಾಗ ಟಿಂಕರಿಂಗ್‌ನವನು ಟೀ ತರಿಸಲಿಲ್ಲ. ಅಂಥ ಕಾರೇ ಬಂದಿಲ್ಲ, ನಾನು ಹಾಗೆ ಹೇಳಿಯೇ ಇಲ್ಲ ಎಂದ.

"ಅವತ್ತು ಗೊತ್ತಿತ್ತಲ್ಲಾ, ಇವತ್ತು ಯಾರ್ಲಾ ನಿಂಗೆ ಮರೆಸ್ದೋರು?" ಖಾಲಾ ಗ್ಯಾರೇಜಿನ ನಡುವೆ ನಿಂತು ಕೂಗಿದರು. ಸುತ್ತಿಗೆಯ ಸದ್ದು ನಿಂತಿತು. ಕೆಲಸದವರೆಲ್ಲ ನೆಲ ನೋಡಿದರು. ಅವನು "ಮಕ್ಳು ಮರಿ ಇರೋನು ಕಣಮ್ಮ, ಬುಟ್ಬುಡು" ಎಂದಷ್ಟೇ ಹೇಳಿದ.  ಮದ್ದೂರಿನಲ್ಲಿ ಬಸ್ಸಿಳಿಯುವಾಗ ಖಾಲಾ ನನ್ನ ಕೈ ಹಿಡಿದುಕೊಂಡರು. 

ಇನ್ನು ಅವರು ಪುಸ್ತಕ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಆದರೆ ತಿಂಗಳು ತಿರುಗಿದಾಗ, "ಯಾಕೆ ತರ್ಲಿಲ್ಲ?" ಎಂದು ಕೇಳಿದರು. ತಂದುಕೊಟ್ಟೆ. ಈಗ ಅವರು ಮೊದಲಿನಿಂದ ಓದುತ್ತಿರಲಿಲ್ಲ. ನೇರ ಕೊನೆಯ ಅಧ್ಯಾಯ ತೆಗೆದು, ಬೆರಳು ತೋರಿಸುವ ಪುಟವನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದುವರು. ಮುಗಿಸಿ ಮತ್ತೆ ಓದುವರು. ನಾನು ನೋಡುತ್ತಿರುವುದು ಗೊತ್ತಾಗಿ ಒಮ್ಮೆ ತಲೆಯೆತ್ತಿದರು.

"ಅಲ್ಲಾದ್ರೂ ಸಿಕ್ತಾನಲ್ಲ ಕಣವ್ವ."

ಆ ದಿನಗಳಲ್ಲೇ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು ನನ್ನ ಚೀಲದಲ್ಲಿದ್ದ ಆ ಪುಸ್ತಕವನ್ನು ಎತ್ತಿ ಇಡೀ ತರಗತಿಗೆ ತೋರಿಸಿ, ಒಂದೇ ಅಚ್ಚಿನ ಇಟ್ಟಿಗೆಗಳಿವು, ಇವನ್ನು ಓದುವವರ ತಲೆಯೂ ಇಟ್ಟಿಗೆಯೇ ಎಂದರು. ಎಲ್ಲರೂ ನಕ್ಕರು. ಸಂಜೆ ಉರಿಯುತ್ತಾ ಬಂದು ಖಾಲಾಗೆ ಹೇಳಿದೆ. ಅವರಿಗೆ ಸಿಟ್ಟೇ ಬರಲಿಲ್ಲ.

"ನಿಮ್ ಮೇಷ್ಟ್ರುಗೆ ಮಕ್ಕಳವ್ರಾ?"

"ಇದ್ದಾರೆ."

"ಚೆನ್ನಾಗಿರ್ಲಿ ಬುಡು."

ಮುಂದಿನ ವರ್ಷ ಆ ಮಾಲಿಕೆಯಲ್ಲಿ ಒಂದು ಪುಸ್ತಕ ಬಂತು. ಕೊಲೆಗಾರ ದೊಡ್ಡವರ ಮಗ. ಹಜಾರದಲ್ಲಿ ಎಲ್ಲರೂ ಕೂತಿದ್ದಾರೆ, ಪತ್ತೇದಾರ ಅವನ ಮುಂದೆ ಬಂದು ನಿಂತಿದ್ದಾನೆ, ದೀಪ ಆರುತ್ತದೆ. ದೀಪ ಬಂದಾಗ ಅವನು ಮಾಯ. ಕೆಳಗೊಂದು ಸಾಲು: ಇವನ ಅಂತ್ಯ ಮುಂದಿನ ಸಂಚಿಕೆಯಲ್ಲಿ. ಖಾಲಾ ಆ ಸಾಲನ್ನು ನನ್ನ ಕೈಲೂ ಓದಿಸಿದರು. ಆ ತಿಂಗಳೆಲ್ಲ ಕಾದರು. ನಾನು ಬಸ್ಸಿಳಿದು ಬರುವುದನ್ನೇ ಜಗಲಿಯಲ್ಲಿ ಕಾಯುತ್ತಾ ಕೂತಿರುತ್ತಿದ್ದರು.

ಮುಂದಿನ ಸಂಚಿಕೆ ಬಂತು. ಅದು ಯಾವುದೋ ಎಸ್ಟೇಟಿನ ಕತೆ, ಬೇರೆ ಹೆಣ, ಬೇರೆ ಮ್ಯಾನೇಜರು. ಆ ದೊಡ್ಡವರ ಮಗನ ಸುದ್ದಿಯೇ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ, ಅದರಾಚೆಯದರಲ್ಲೂ ಇಲ್ಲ. ಲೇಖಕರು ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಅವರ ಹೆಸರಿಟ್ಟು ಯಾರು ಯಾರೋ ಬರೆಯುತ್ತಾರೆ, ಹಿಂದೆ ಏನಿತ್ತೆಂದು ಅವರಿಗೆ ಗೊತ್ತೂ ಇಲ್ಲ ಎಂದು ಅಂಗಡಿಯವನು ನಗುತ್ತಾ ಹೇಳಿದ. ಆ ನಗು ನನಗೆ ಈಗಲೂ ಮೈ ಉರಿಸುತ್ತದೆ. ನಾನು ಖಾಲಾಗೆ ಅದನ್ನು ಹೇಳಬಾರದೆಂದುಕೊಂಡೆ. ಹೇಳಬೇಕಾಗಿಯೂ ಬರಲಿಲ್ಲ. ಅವರು ಹೊಸ ಪುಸ್ತಕದ ಕೊನೆಯ ಪುಟ ನೋಡಿ, ಕನ್ನಡಕ ತೆಗೆದರು.

"ಈ ಪತ್ತೇದಾರನೂ ಠಾಣೆಯೋನೇ ಆಗೋದ್ನಲ್ಲವ್ವ."

ಒಳಗೆ ಹೋಗಿ, ನೀರು ಕಾಯಿಸುವ ಒಲೆಗೆ ಪುಸ್ತಕವನ್ನು ಹಾಗೇ ನೂಕಿದರು. ನಾನು ತಡೆಯಲಿಲ್ಲ. ಇನ್ನು ತರಬೇಡ ಎಂದರು. ಆಮೇಲೆ ಮಧ್ಯಾಹ್ನಗಳಲ್ಲಿ ಅವರು ಜಗಲಿಯ ಮೇಲೆ ಬರಿಗೈಯಲ್ಲಿ ಕೂತಿರುತ್ತಿದ್ದರು. ಅದನ್ನು ನೋಡುವುದು ಕಷ್ಟವಾಗುತ್ತಿತ್ತು... ನನಗೆ ಮಂಡ್ಯದಲ್ಲಿ ಕೆಲಸವಾಯಿತು, ಮದುವೆಯಾಯಿತು. ಖಾಲಾ ಸಕ್ಕರೆ ಕಾಯಿಲೆಯಿಂದ ಸೊರಗಿ, ಒಂದು ರಂಜಾನಿನ ಮುಂಚೆ ಹೋಗಿಬಿಟ್ಟರು. ಕಾರಿನವನು ಸಿಗಲಿಲ್ಲ.

ಹೋದ ವಾರದ ಆ ಹೊಸ ಪುಸ್ತಕವನ್ನು ಕೊಂಡು ಬಸ್ಸಿನಲ್ಲೇ ಓದಿದೆ. ಪತ್ತೇದಾರನ ಕೈಗೆ ಮೊಬೈಲು ಬಂದಿದೆ. ಮಿಕ್ಕಂತೆ ಹೆಣ, ಬ್ರೇಕು, ಹಜಾರ. ಕೊನೆಗೆ ಕೊಲೆಗಾರ ತಪ್ಪಿಸಿಕೊಳ್ಳುತ್ತಾನೆ, ಮುಂದಿನ ಭಾಗಕ್ಕೆ ಕಾಯಿರಿ. ಈಗ ಎಲ್ಲದರಲ್ಲೂ ಹೀಗೇ ಅಂತೆ, ಹಾಗೆ ಮಾಡಿದರೆ ಜನ ಬಿಡದೆ ಕೊಳ್ಳುತ್ತಾರಂತೆ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು, "ಅದನ್ನ ಇನ್ನೂ ಓದಬಹುದಾ?" ಎಂದು ಕೇಳಿದಳು. ಬೇಡ ಎಂದೆ. ಎಲ್ಲ ಒಂದೇ ಥರ ಇರುತ್ತದೆ ಅಂತಲಾ ಎಂದಳು. ಅಲ್ಲವೇ ಅಲ್ಲ. ಒಂದೇ ಥರ ಇರುವವರೆಗೂ ಅದು ಓದಲು ಯೋಗ್ಯವಾಗಿತ್ತು. ಬೇರೇನನ್ನೂ ಕೊಡಲಾಗದ ಪುಸ್ತಕ ಒಂದೇ ಒಂದು ಮಾತು ಕೊಟ್ಟಿತ್ತು, ತಪ್ಪು ಮಾಡಿದವನು ಸಿಗುತ್ತಾನೆ ಎಂದು. ಅದನ್ನೂ ಮಾರಿಕೊಂಡ ಮೇಲೆ ಅದರಲ್ಲಿ ಉಳಿದಿರುವುದು ಜೀಪು ಮಾತ್ರ. ಇಷ್ಟನ್ನೂ ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಅವಳು ಪಾಪ ಹೆದರಿದಳು.

ಮೊನ್ನೆ ಕೊತ್ತತ್ತಿಯಲ್ಲಿ ನೆಂಟರ ಮದುವೆಯಿತ್ತು. ಊಟದ ಸಾಲಿನಲ್ಲಿ ಎದುರಿಗೆ ಒಬ್ಬ ನಡುವಯಸ್ಸಿನವನು, ದೊಡ್ಡೋರ ಮನೆಯವನಂತೆ ಕಾಣುವವನು, ಮೊಮ್ಮಗುವಿಗೆ ಪಾಯಸ ತಿನ್ನಿಸುತ್ತಿದ್ದ. ಅವನು ಯಾರೋ, ನನಗೆ ಗೊತ್ತಿಲ್ಲ. ಒಳ್ಳೆಯವನೇ ಇರಬೇಕು. ಆದರೆ ಆ ಕಾರಿನವನು ಇವನೂ ಆಗಿರಬಹುದಲ್ಲ ಎಂದು ಒಮ್ಮೆ ಅನ್ನಿಸಿದ ಮೇಲೆ ನಾನು ಅನ್ನ ಮುಟ್ಟಲಿಲ್ಲ. ಆ ಕಾರಿನವನು ಇಲ್ಲೇ ಎಲ್ಲೋ ಇದ್ದಾನೆ, ಮದ್ದೂರು, ಮಂಡ್ಯ, ಮಳವಳ್ಳಿಗಳ ನಡುವೆ ಓಡಾಡಿಕೊಂಡು, ಉಂಡುಕೊಂಡು, ನಿದ್ದೆ ಮಾಡಿಕೊಂಡು. ಅವನ ಬಾಗಿಲು ತಟ್ಟುತ್ತೇನೆಂದು ಹೊರಟಿದ್ದವರು ಒಬ್ಬರೇ. ಅವರು ಈಗ ಮಣ್ಣಿನಲ್ಲಿ ಮಗನ ಪಕ್ಕ ಮಲಗಿದ್ದಾರೆ... ನಾನು ಎಲೆ ಮಡಿಸಿ ಎದ್ದು ಬಂದೆ.