ಹದಿನೇಳನೇ ಅಡಿಟಿಪ್ಪಣಿ

ನನಗ ಸಿಟ್ಟು ಮೂಗಿನ ತುದಿ ಮ್ಯಾಲೆ. ಮುದ್ದೇಬಿಹಾಳದಾಗ ಕಾಲೇಜಿನ ಹುಡುಗರಿಗೆ ಇತಿಹಾಸ ಕಲಿಸ್ತೇನಿ. ಯಾರರೆ ಪ್ರಬಂಧದ ಕೊನೀಗೆ 'ಕೃಪೆ: ಇಂಟರ್ನೆಟ್' ಅಂತ ಬರಕೊಂಡು ಬಂದ್ರು ಅಂದ್ರ ಅವತ್ತು ಅವರ ಕಥಿ ಮುಗೀತು. "ಯಾರ್ ಹೇಳಿದ್ರು? ಎಲ್ಲಿ ಹೇಳಿದ್ರು? ಯಾವ ಪುಟದಾಗ? ಹೇಳಿದವರ ಹೆಸರಿಲ್ಲದ ಮಾತು ನನ್ನ ಟೇಬಲ್ ಮ್ಯಾಲೆ ಇಡಬ್ಯಾಡ್ರಿ" ಅಂತ ಹಾಳಿ ತಿರುಗಿ ಕೊಡ್ತೇನಿ. ಇಷ್ಟು ಜಂಬದಾಕಿ ನಾ ಮಾಡಿದ ತಪ್ಪು ಕೇಳಿದ್ರ ಆ ಹುಡುಗರು ಹೊಟ್ಟಿ ಹಿಡಕೊಂಡು ನಗತಾರ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಹಳೇ ಬಾವಿಗಳ ಮ್ಯಾಲೆ ಒಂದು ಲೇಖನ ಬರಿಯಾಕತ್ತಿದ್ದೆ. ಕಾಗದಪತ್ರ ಹುಡುಕಿದೆ, ಶಾಸನದ ಪುಸ್ತಕ ತಿರುವಿದೆ. ಅವುಗಳಾಗ ಬಾವಿ ಕಟ್ಟಿಸಿದವರ ಹೆಸರು ಸಿಗತಿತ್ತು, ಕಟ್ಟಿದವರದು ಇಲ್ಲ. ಅದು ಸಿಕ್ಕಿದ್ದು ಇಂಗಳೇಶ್ವರದ ಬಾವಿ ಕಾಕಾನ ಕಡೆ. ಜೀವಮಾನ ಪೂರ್ತಿ ಬಾವಿ ಹೂಳು ತೆಗೆದಾಂವ. ಸಣ್ಣಾಂವಿದ್ದಾಗ ಅವರ ಮುತ್ತ್ಯಾನ ಹಿಂದ ಹಗ್ಗ ಹೊತಕೊಂಡು ಊರೂರು ತಿರುಗಿ ಎಲ್ಲಾ ಕಲತಾಂವ. ಮುತ್ತ್ಯಾ ಅಂದ್ರ ನಮ್ಮ ಕಡೆ ಅಜ್ಜ. ಯಾವ ಬಾವಿ ಯಾರು ಕಟ್ಟಿದ್ರು, ಯಾವುದಕ್ಕ ಎಷ್ಟು ಮೆಟ್ಟಿಲು, ಯಾವ ಮೆಟ್ಟಿಲಿಗೆ ಹಾಳುಗುಡಿ ಕಲ್ಲು ತಂದು ಹಾಕ್ಯಾರ, ಯಾರಿಗೆ ಯಾವ ಕಡೆಯಿಂದ ನೀರು, ಎಲ್ಲಾ ಅವನ ಬಾಯಾಗಿತ್ತು. ಒಂದ ಸಲ ಹೇಳಿದ: "ಹೂಳು ತೆಗಿಯಾಕ ನಮ್ಮನ್ನ ತಳದ ತನಕ ಇಳಸತಿದ್ರರಿ ಅಕ್ಕಾರ. ನೀರು ಬಂದ ಮ್ಯಾಲೆ ಮೊದಲನೇ ಮೆಟ್ಟಿಲಿಗೂ ಕಾಲಿಡಗೊಡತಿದ್ದಿಲ್ಲ." ನಾ ಆ ಮಾತು ಬರಕೊಂಡೆ. ನನ್ನ ಲೇಖನದ ಜೀವಾಳನ ಅದು. ಅದರ ಅಡಿಟಿಪ್ಪಣಿ ಹದಿನೇಳನೇದು.

ನನಗಿಂತ ಮೊದಲ ಹೊರಗಿನ ಊರಿನ ಒಬ್ಬ ವಿದ್ವಾಂಸರು ಬಂದು ಎರಡು ದಿನ ಕುಂತು, ಕಾಕಾನ ಮನಿ ರೊಟ್ಟಿ ಉಂಡು, ಎಲ್ಲಾ ಕೇಳಕೊಂಡು ಹೋಗಿದ್ರು. ಅವರ ಲೇಖನದ ಪ್ರತಿ ಸಿಕ್ಕಾಗ ಕಾಕಾಗ ಓದಿ ಹೇಳಿದೆ. ತನ್ನ ಮಾತು ಬಂದ ಕೂಡಲೇ ಹಿಗ್ಗಿದ. ಕೆಳಗ ಟಿಪ್ಪಣಿಯೊಳಗ 'ಸ್ಥಳೀಯರ ಹೇಳಿಕೆ' ಅಂತಿತ್ತು.

"ಸ್ಥಳೀಯರು ಅಂದ್ರ ಯಾರ್ರಿ?"

"ಈ ಊರಾಗಿನವರು, ಕಾಕಾ."

"ಗುಡಿ ಮುಂದಿನ ನಾಯಿನೂ ಈ ಊರಿಂದ ಐತಿ" ಅಂದ. ನಗಲಿಲ್ಲ. "ನೀವು ಬರದ್ರ ನನ್ನ ಹೆಸರು ಹಾಕ್ರಿ ಅಕ್ಕಾರ" ಅಂದ. "ಹಾಕ್ತೇನಿ ಕಾಕಾ, ದೇವರಾಣಿ" ಅಂದೆ.

ಲೇಖನ ಕಳಸಿದ ಎರಡು ತಿಂಗಳಿಗೆ ಪತ್ರಿಕಿ ಸಂಪಾದಕರ ಮೇಲ್ ಬಂತು. ಲೇಖನ ಹಿಡಿಸೈತಿ, ಆದ್ರ ಆಕರಗಳು ಕ್ರಮದಾಗ ಇಲ್ಲ. ಪುಸ್ತಕದ ಹೆಸರು ಓರೆ ಅಕ್ಷರದಾಗ ಇರಬೇಕು, ಊರಿನ ಮುಂದ ಎರಡು ಚುಕ್ಕಿ, ಪುಟದ ಮುಂದ ಒಂದು. ಇವೆಲ್ಲಾ ಹಾಳಾಗಿ ಹೋಗಲಿ, ಬೈಕೋತ ಒಂದೊಂದಾಗಿ ತಿದ್ದಿದೆ. ಹದಿನೇಳಕ್ಕ ಬಂದೆ. 'ಮಾಹಿತಿದಾರರ ಪೂರ್ಣ ಹೆಸರು ಬೇಕು. ಸೋಮವಾರದೊಳಗೆ ಕಳಿಸದಿದ್ದರೆ ಸ್ಥಳೀಯರ ಹೇಳಿಕೆ ಎಂದು ಹಾಕುತ್ತೇವೆ.'

ನನ್ನ ಟಿಪ್ಪಣಿ ಪುಸ್ತಕ ತೆಗೆದೆ. ನಾಲ್ಕು ವರ್ಷದ ಬರವಣಿಗಿ. ಎಲ್ಲಾ ಕಡೆ 'ಕಾಕಾ ಹೇಳಿದ್ದು', 'ಕಾಕಾ ಹೇಳಿದ್ದು'. ಹೆಸರು ಎಲ್ಲಿನೂ ಇಲ್ಲ. ನಾಲ್ಕು ವರ್ಷ ಆ ಮನಿ ಚಹಾ ಕುಡದೀನಿ, ಹಬ್ಬಕ್ಕ ಹೋಳಿಗಿ ತಿಂದೀನಿ, ಹೆಸರು ಕೇಳೇ ಇಲ್ಲ! ಥೂ ನನ್ನ ಅಂತ ಹಣಿ ಬಡಕೊಂಡೆ. ನಮ್ಮ ಕಡೆ ಹಿರಿಯರ ಹೆಸರು ಕೇಳೂದು ಉದ್ಧಟತನ, ಕಾಕಾ ಅಂದ್ರ ಮುಗೀತು, ಖರೆ. ಆದ್ರ ನಾ ಯಾವ ಬಾಯಿಲೆ ಆ ಹುಡುಗರ ಹಾಳಿ ತಿರುಗಿ ಕೊಡತಿದ್ದೆ?

ಫೋನ್ ಮಾಡಿ ಕೇಳೂ ಹಂಗಿರಲಿಲ್ಲ. ಆ ಮಳಿಗಾಲದಾಗ ಕಾಕಾಗ ಲಕ್ವಾ ಹೊಡದಿತ್ತು. ಬಲಗೈ ಬಲಗಾಲು ಹೋಗಿದ್ವು, ಮಾತೂ ಹೋಗಿತ್ತು.

ರವಿವಾರ ಮುಂಜಾನೆ ಬಸ್ ಹತ್ತಿ ಬಾಗೇವಾಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಇಂಗಳೇಶ್ವರಕ್ಕ ಹೋದೆ. ಕಾಕಾ ಹೊರಸಿನ ಮ್ಯಾಲೆ ಗ್ವಾಡಿಗೆ ಆತು ಕುಂತಿದ್ದ. ನನ್ನ ನೋಡಿ ಎಡಗೈ ಎತ್ತಿದ. ಅವನ ಹೆಂಡತಿ, ನಾ ಚಿಗವ್ವ ಅಂತೇನಿ, ಚಹಾ ತಂದಿಟ್ಟಳು. ನಾ ಬಂದ ಕೆಲಸ ಹೇಳಿದೆ.

ಚಿಗವ್ವ ಸೆರಗಿಲೆ ಬಾಯಿ ಮುಚ್ಚಿಕೊಂಡಳು. "ಅಯ್ಯ ಶಿವನ! ಗಂಡನ ಹೆಸರು ನಾ ಹೆಂಗ ಹೇಳಲಿ?"

ನಾ ಬೈಯಬೇಕಂತ ಬಾಯಿ ತೆಗೆದಾಕಿ ಸುಮ್ಮನಾದೆ. ಪಿಎಚ್.ಡಿ. ಮಾಡಿದಾಕಿ ನಾನೂ ನಮ್ಮ ಮನಿಯವರಿಗೆ ಇವತ್ತಿನ ತನಕ 'ಏನ್ರಿ' ಅಂತನ ಕರೀತೇನಿ.

ಚಿಗವ್ವ ಒಳಗ ಹೋಗಿ ಆಧಾರ್ ಕಾರ್ಡ್ ತಂದಳು. ಹಂಗಾದ್ರ ಚಿಂತಿಲ್ಲ ಅಂತ ನಾ ಬರಕೊಳ್ಳಾಕ ಹತ್ತಿದೆ. ಕಾಕಾ ಜೋರಾಗಿ ತಲಿ ಅಲ್ಲಾಡಿಸಿದ. ಎಡಗೈಲೆ ಕಾರ್ಡಿಗೆ ಹೊಡೆದ, ಅದು ಹೋಗಿ ಬಾಗಲ ಕಡೆ ಬಿತ್ತು.

"ಅದು ಕರಿಯೂ ಹೆಸರ್ರಿ" ಅಂದ್ಳು ಚಿಗವ್ವ. "ಇವರಿಗಿ ಇಟ್ಟ ಹೆಸರು ಮುತ್ತ್ಯಾಂದು. ಅತ್ತಿಯವ್ವ ತನ್ನ ಮಾವನ ಹೆಸರು ಹಿಡದು ಮಗನ್ನ ಹೆಂಗ ಕರದಾಳು? ಬ್ಯಾರೆ ಹೆಸರು ಹಚ್ಚಿ ಕರದಳು. ಸಾಲ್ಯಾಗ ಮಾಸ್ತರ ಅದನ್ನ ಬರದ್ರು."

ಆಗ ನನಗ ತಿಳೀತು. ಮುತ್ತ್ಯಾ ಕಲಿಸಿದ ವಿದ್ಯೆ ಅದು, ಮುತ್ತ್ಯಾನ ಹೆಸರಿಲೆನ ಅಚ್ಚಾಗಬೇಕು ಅಂತ ಕಾಕಾಂದು. ಪೆನ್ನು ಅವನ ಎಡಗೈಯಾಗ ಕೊಟ್ಟೆ. ನಾಕಕ್ಷರ ಕಲತಾಂವ, ಆದ್ರ ಆ ಕೈಲೆ ಬರೇ ಗೀರು ಬಂದ್ವು. ಪೆನ್ನು ಬಿಟ್ಟ. ಮೋರಟಗಿಗೆ ಕೊಟ್ಟ ಮಗಳಿಗೆ ಫೋನ್ ಹಚ್ಚಿದೆ. "ಅಪ್ಪಂದು ಕಾರ್ಡಿನ್ಯಾಗಿನ ಹೆಸರಷ್ಟ ಗೊತ್ರಿ. ಇನ್ನೊಂದು ಐತಂತ ಕೇಳೀನಿ, ಮನ್ಯಾಗ ಯಾರೂ ಅಂದದ್ದು ಕೇಳಿಲ್ಲ." ಓಣ್ಯಾಗ ಕೇಳಿದ್ರ ಎಲ್ಲಾರಿಗೂ ಅಂವ ಬಾವಿ ಕಾಕಾ, ಅವರ ಮುತ್ತ್ಯಾ ಬರೇ ಮುತ್ತ್ಯಾ. ಕಡೀಕ, ದೇವರ ಹೆಸರನ್ನ ಇಟ್ಟಿರತಾರಂತ, ನಾ ನಾಲ್ಕು ತಾಲ್ಲೂಕಿನ ದೇವರ ಹೆಸರು ಒಂದೊಂದ ಹೇಳಕೋತ ಹೋದೆ. ಪ್ರತಿ ಹೆಸರಿಗೂ ಕಾಕಾ ಅಡ್ಡ ತಲಿ ಹಾಕಿದ. ಕಣ್ಣಾಗ ನೀರು ಬಂದ್ವು ಅವಗ.

ನನಗ ಅದನ್ನ ನೋಡೂದು ಆಗಲಿಲ್ಲ. ಸಂಕಟ ಸಿಟ್ಟಾಗಿ ಹೊರಗ ಬಿತ್ತು. "ಹೇಳಬೇ ಚಿಗವ್ವ! ನೀ ಬಾಯಿ ತೆಗೀಲಿಲ್ಲಂದ್ರ ನಾಳೆ ಇವರನ್ನ ಮತ್ತ ಸ್ಥಳೀಯರು ಅಂತ ಹಾಕ್ತಾರ!"

ಅಂದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ. ಚಿಗವ್ವ ಸಿಟ್ಟಾಗಲಿಲ್ಲ. ಗಂಡನ ಮಾರಿ ನೋಡಿದಳು.

"ಒಂದ ಸಲ ಹೇಳೀನ್ರಿ. ಮದುವ್ಯಾಗ, ಒಡಪಿನ್ಯಾಗ."

ಒಡಪು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಿಕೊಡೂದು ಬ್ಯಾಡ. ಹೊಸ ಮದುಮಗಳನ್ನ ಹೊಸ್ತಿಲದಾಗ ನಿಲ್ಲಿಸಿ, ಗಂಡನ ಹೆಸರು ಹೇಳೂ ತನಕ ಒಳಗ ಬಿಡೂದಿಲ್ಲ. ಆಕಿ ನಾಲ್ಕು ಸಾಲಿನ ಪದದಾಗ ಸುತ್ತಿ ಹೆಸರು ಹೇಳಬೇಕು. ಹಂಗ ಹೇಳಿದ್ರ ದೋಷ ಇಲ್ಲ.

ಚಿಗವ್ವ ಎದ್ದು ಹೊಸ್ತಿಲದ ಹೊರಗ ಹೋಗಿ ನಿಂತಳು. ತಲಿ ಮ್ಯಾಲೆ ಸೆರಗು ಹೊತ್ತಳು. ಆಮ್ಯಾಲೆ ನೆಲ ನೋಡಕೋತ ಹೇಳಿದಳು:

"ಮೆಟ್ಟಿಲ ಬಾವ್ಯಾಗ ಮುತ್ತಿನಂಥ ನೀರ,
ತವರು ಬಿಟ್ಟು ಬಂದೇನಿ ಹಾದಿ ಭಾಳ ದೂರ,
ಹೊಸ್ತಿಲ ಬಿಡ್ರವ್ವ, ಕೊಡ ಐತಿ ಭಾರ,
ಕೈ ಹಿಡದ ನಮ್ಮ ರಾಯರು..."

ಹೆಸರು ಹೇಳಿದಳು.

ಕಾಕಾ ಎಡಗೈಲೆ ಹೊರಸು ಬಡಿಯಾಕತ್ತಿದ. ಗಂಟಲದಾಗಿಂದ ಎಂಥದೋ ದನಿ ಹೊರಟಿತು, ನಗುವೋ ಅಳುವೋ ತಿಳೀಲಿಲ್ಲ. ಚಿಗವ್ವ ಒಳಗ ಬರವಲ್ಲಳು, ಅಲ್ಲೇ ಬಾಗಲ ಹಿಡಕೊಂಡು ನಾಚಿಕೊಂಡು ನಿಂತಿದ್ದಳು. ನಾ ಹೆಸರು ಬರದು ಕಾಕಾಗ ತೋರಿಸಿದೆ. ಹೌದು ಅಂತ ತಲಿ ಹಾಕಿದ.

ಬರಿಯೂದು ಮುಗಸಬೇಕಂದಾಗ ನಮ್ಮ ಕಸಬಿನ ನಿಯಮ ನೆನಪಾತು. ಈ ಹೆಸರು ನನಗ ಯಾರಿಂದ ಸಿಕ್ತು? "ಚಿಗವ್ವ, ನಿನ್ನ ಹೆಸರು?"

"ನಂದ್ಯಾಕ್ರಿ?"

"ಹೇಳಿದಾಕಿ ನೀನ ಅಲ್ಲ?"

"ಯಾವ್ದು ಹೇಳಲಿ? ಇಲ್ಲಿ ಮದುವ್ಯಾಗ ಇಟ್ಟದ್ದೋ, ತವರಿಂದೋ?" ಅಂದ್ಳು.

"ನಿನಗ ಯಾವ್ದು ಬೇಕೋ ಅದು."

ತವರಿಂದು ಹೇಳಿದಳು, ಮೆಲ್ಲಕ.

ಸೋಮವಾರ ಕಳಸಿದೆ. ಸಂಪಾದಕರು ಫೋನ್ ಮಾಡಿ, "ಮೇಡಂ, ಒಂದು ಹೇಳಿಕೆಗೆ ಇಬ್ಬರು ಯಾಕೆ? ನಮ್ಮ ಕ್ರಮದಲ್ಲಿ ಇದಕ್ಕೆ ಜಾಗ ಇಲ್ವಲ್ಲ" ಅಂದ್ರು. ನಾ ಜಗಳಕ್ಕ ತಯಾರಾಗಿದ್ದೆ, ಆದ್ರ ನಡದದ್ದು ಹೇಳಕೋತ ಹೋದಂಗ ಆ ಕಡೆ ದನಿ ಮೆತ್ತಗಾತು. "ಇರಲಿ ಬಿಡಿ, ಎರಡನೇ ಸಾಲು ಕೆಳಗೆ ಹಾಕ್ತೀನಿ" ಅಂದ್ರು. ಪುಣ್ಯಾತ್ಮರು.

ಸಂಚಿಕಿ ಕೈಗೆ ಬಂದ ವಾರನ ಇಂಗಳೇಶ್ವರಕ್ಕ ಹೋದೆ. ಹೊರಸಿನ ಅಂಚಿಗೆ ಕುಂತು, ಪುಟ ತೆಗೆದು, ಹದಿನೇಳನೇ ಟಿಪ್ಪಣಿ ಕಾಕಾನ ಮುಂದ ಹಿಡದು ಅವನ ಹೆಸರು ಗಟ್ಟಿಯಾಗಿ ಓದಿದೆ. ಕಾಕಾ ಕಣ್ಣು ಮುಚ್ಚಿ ಕೇಳಿದ. ಬಾಗಲ ಕಡೆಯಿಂದ ಚಿಗವ್ವ "ಇನ್ನೊಮ್ಮೆ ಓದ್ರಿ ಅಕ್ಕಾರ, ನಾ ಅನ್ನಾಕ ಬರೂದಿಲ್ಲ, ಕೇಳಾಕ ಬರ್ತೈತಿ" ಅಂದ್ಳು. ಇನ್ನೊಮ್ಮೆ ಓದಿದೆ. ಮೂರನೇ ಸಲ ಓದಾಕ ಹೋದಾಗ ಕಾಕಾ ಬ್ಯಾಡಂತ ತಲಿ ಅಲ್ಲಾಡಿಸಿದ. ಎಡಗೈ ಚಾಚಿ, ಬೆರಳನ್ನ ಒಂದು ಸಾಲು ಕೆಳಗ ಸರಿಸಿ, ಹೆಂಡತಿ ಹೆಸರಿನ ಮ್ಯಾಲೆ ಇಟ್ಟ. ನಾ ಓದೂ ತನಕ ತೆಗೀಲಿಲ್ಲ.