ಬಿಳಿ ಗಂಟಿನೊಳಗಿನ ಗೆರೆ

ಸುಮಾ, ನಿನ್ನ ತಾಯಿಯ ಅಂಗಾಲಿನ ಗಂಟಿನಲ್ಲಿ ಕೇಡಿನ ಗುರುತು ಇದೆಯೆಂದು ಯಂತ್ರ ತೋರಿಸಿತ್ತು. ನಾನು ನೋಡಿದೆ. ನೋಡಿಯೂ ಹೇಳಲಿಲ್ಲ. ಅಣ್ಣನಿಗೂ, ಅವನ ಮಗಳಾದ ನಿನಗೂ, ಈವರೆಗೆ —

ನೀನಾಗ ನಾಶಿಕದ ಮನೆಯ ಹೊಸ್ತಿಲಲ್ಲಿ ಬೊಂಬೆ ಹಿಡಿದು ಕೂರುವಷ್ಟು ಚಿಕ್ಕವಳು. ನಾನು ಔರಂಗಾಬಾದಿನ ಲ್ಯಾಬೊಂದರಲ್ಲಿ ಸಂಶೋಧನಾ ವಿದ್ಯಾರ್ಥಿ. ದೊಡ್ಡ ಅಯಸ್ಕಾಂತದ ನಡುವೆ ಮಾಂಸದ ಚೂರಿಟ್ಟರೆ, ಅದರಲ್ಲಿ ಚರ್ಮದ ಕಪ್ಪು ಬಣ್ಣವಿದ್ದರೆ, ಕಾಗದದ ಮೇಲೆ ಪೆನ್ನು ತಾನಾಗಿ ಏರಿ ಇಳಿಯುತ್ತಿತ್ತು. ಆ ಬಣ್ಣದ ಜೀವಕೋಶಗಳಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರನ್ನು ಹೀಗೆ ಹಿಡಿಯಬೇಕೆಂಬುದು ನಮ್ಮ ಲ್ಯಾಬಿನ ಸರ್ ಅವರ ಕನಸು. ಆ ಪೆನ್ನನ್ನೇ ನೋಡುತ್ತ ಕೂತರೆ ಮಧ್ಯಾಹ್ನಗಳು ಅರೆನಿದ್ದೆಯಲ್ಲಿ ಕಳೆದಂತೆ ಕಳೆದುಹೋಗುತ್ತಿದ್ದವು.

ನಿನ್ನ ತಾಯಿ, ನನ್ನ ವೈನಿಯ ಗಂಟು ಬೆಳ್ಳಗಿತ್ತು. ಬರೀ ಆಣಿ ಎಂದರು ಡಾಕ್ಟರ್. ಅಣ್ಣನಿಗೆ ಸಮಾಧಾನವಿಲ್ಲ, ಮುಂಬೈಗೆ ಕರೆದೊಯ್ಯುತ್ತೇನೆಂದ. ಮೊದಲು ನಾನು ನೋಡುತ್ತೇನೆ ಎಂದೆ — ಎಂಥ ಹಮ್ಮು ನನ್ನದು. ಡಾಕ್ಟರ್ ಕೊಯ್ದು ಕೊಟ್ಟ ಚೂರನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟು ಹೊರಟಾಗ ವೈನಿ ನಕ್ಕರು: "ನನ್ನ ಕಾಲು ನಿನ್ನ ಜೋಡಿ ಎಸ್‌ಟಿ ಬಸ್ಸಿನೊಳಗ ಹೊಂಟದ. ಅದಕ್ಕೂ ತಿಕೀಟ ತಗೋತಿಯೇನೋ?"

ಪೆನ್ನು ಏರಿತು. ಬೆಳ್ಳಗಿನ ಮಾಂಸದಿಂದ ಕಪ್ಪಿನ ಗೆರೆ. ಹಿಂದಿನ ದಿನ ಕೈ ಪಳಗಲೆಂದು ನನ್ನ ತಲೆಗೂದಲನ್ನೇ ಚೂರಿಡುವ ಗಾಜಿನ ನಳಿಕೆಯಲ್ಲಿಟ್ಟು ನೋಡಿದ್ದೆ. ಕೂದಲಲ್ಲೂ ಅದೇ ಬಣ್ಣ. ಅದೇ ನಳಿಕೆಯನ್ನು ತೊಳೆಯದೆ ಬಳಸಿದೆನೇ — ಸರ್ ಬೈಯುತ್ತಾರೆಂಬ ಭಯ ಹಿಡಿಯಿತು. ಚೂರನ್ನು ಎಸೆದೆ. ಬಸ್ಸಿನಲ್ಲೇ ಕೆಟ್ಟಿತ್ತು ಎಂದು ಸರ್‌ಗೆ ಸುಳ್ಳು ಹೇಳಿದೆ. ಗೆರೆ ಮೂಡಿದ ಕಾಗದವನ್ನು ಮಡಚಿ ಜೇಬಿಗಿಟ್ಟೆ.

"ಏನಾರ ಕಾಣಿಸ್ತೇನೋ?" ಎಂದರು ವೈನಿ, ಮುಂದಿನ ವಾರ.

"ಏನೂ ಇಲ್ಲರೀ ವೈನಿ."

ಮುಂಬೈ ಪ್ರಯಾಣ ನಿಂತಿತು. ಗಂಟು ಮರಳಿ ಬಂತು, ತೊಡೆಸಂದಿಗೆ ಹರಡಿತು. ವರ್ಷ ತುಂಬುವುದರೊಳಗೆ ನಾನು ಗೋದಾವರಿಯ ಘಾಟಿನಲ್ಲಿ ನಿನ್ನನ್ನು ಎತ್ತಿಕೊಂಡು ನಿಂತಿದ್ದೆ. "ಆಯಿ ಎಲ್ಲಿ?" ಎಂದು ನೀನು ತಾಯಿಗಾಗಿ ಕೇಳುತ್ತಲೇ ಇದ್ದೆ.

ಲ್ಯಾಬು ಬಿಡುವ ದಿನ ಡ್ರಾಯರಿನ ಮೂಲೆಯಲ್ಲಿ ಒಂದು ನಳಿಕೆ ಸಿಕ್ಕಿತು. ನನ್ನ ಕೂದಲು ಇನ್ನೂ ಅದರೊಳಗೇ ಇತ್ತು, ಮೇಲೆ ನನ್ನ ಕೈಬರಹದ ಚೀಟಿ. ಹಾಗಾದರೆ ವೈನಿಯ ಚೂರಿಗೆ ಬಳಸಿದ್ದು ಬೇರೆ ನಳಿಕೆ, ಶುದ್ಧವಾದದ್ದು. ಗೆರೆ ನಿಜವಾಗಿತ್ತು.

ಮುಂಬೈಗೆ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ — ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ನಾನು ಮುಚ್ಚಿದೆ. ಈಗಲೂ ಕಣ್ಣು ಮುಚ್ಚಿದರೆ ಆ ಪೆನ್ನು ಸದ್ದಿಲ್ಲದೆ ಏರುತ್ತದೆ.

ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆದೆ — ಇಲ್ಲೂ ಅಡಗಿಕೊಂಡೆ. ಆದ್ದರಿಂದ ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ನಾಶಿಕಕ್ಕೆ ಬರುತ್ತೇನೆ, ಆ ಕಾಗದವನ್ನೂ ತರುತ್ತೇನೆ. ನಿನ್ನೆದುರು ಕೂತು, ಇದೆಲ್ಲವನ್ನೂ ನಾನೇ ಗಟ್ಟಿಯಾಗಿ ಓದುತ್ತೇನೆ.